ಬೇಸಾಯಗಾರನ ಪಾದರಕ್ಷೆ: ಮನೆಯ ಚಪ್ಪಲಿಯೂ ಹೊಲದ ಮೆಟ್ಟೂ

ಒಕ್ಕಲುತನದ ಉಪಕರಣಗಳೆಂದೊಡನೆ ನೇಗಿಲು, ಕುಂಟೆ, ಕೂರಿಗೆ, ಕುಡುಗೋಲುಗಳು ನೆನಪಿಗೆ ಬರುವುವು. ಇವನ್ನೆಲ್ಲ ಹೊಲಕ್ಕೆ ಕೊಂಡೊಯ್ಯುವ ಪಾದಗಳ ವಿಷಯವನ್ನು ಆಲೋಚಿಸುವವರು ವಿರಳ. ಎತ್ತಿನ ಗೊರಸು ಸವೆದರೆ ಕೂಡಲೆ ಲಾಳ ಕಟ್ಟಿಸುವ ರೈತನು, ತನ್ನ ಅಂಗಾಲು ಬಿರಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಸುಗ್ಗಿಯ ಕಾಲದಲ್ಲಿ ಕಾಲಿಗೆ ಮುಳ್ಳು ನೆಟ್ಟು ಕೀವು ತುಂಬಿ ಹತ್ತು ದಿನ ಮಲಗಿದವನಿಗೆ ಆಗುವ ನಷ್ಟವು ಒಂದು ಜೊತೆ ಮೆಟ್ಟಿನ ಬೆಲೆಗಿಂತ ಎಷ್ಟೋ ಹೆಚ್ಚು. ಆದುದರಿಂದ ಯಾವ ಕೆಲಸಕ್ಕೆ ಯಾವ ಪಾದರಕ್ಷೆ ತಕ್ಕುದೆಂಬುದನ್ನು ತಿಳಿಯುವುದು ವ್ಯವಸಾಯದ ಒಂದು ಭಾಗವೇ ಆಗಿದೆ.

ಹವಾಯಿ ಚಪ್ಪಲಿಯ ಗುಣದೋಷಗಳು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಹನುಮಂತನಗರಕ್ಕೂ ಬನಶಂಕರಿಗೂ ಹೊಂದಿಕೊಂಡು ಶ್ರೀನಗರವೆಂಬ ಬಡಾವಣೆಯಿದೆ. ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆಯು ಇದಕ್ಕೆ ಸಮೀಪವಾಗಿದೆ. ಪ್ರತಿ ವರ್ಷ ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವ ಸ್ಥಳವೂ ಇಲ್ಲಿಂದ ದೂರವಲ್ಲ. ಇಂಥ ಬಡಾವಣೆಗಳ ಯಾವ ಮನೆಯ ಹೊಸ್ತಿಲ ಬಳಿ ನೋಡಿದರೂ ಎರಡು ಬಾರಿನ ರಬ್ಬರ್ ಚಪ್ಪಲಿಗಳು ಕಾಣುವುವು. ಹಾಲು ತರುವುದಕ್ಕೆ, ತರಕಾರಿಯಂಗಡಿಗೆ, ಮಹಡಿಯ ಮೇಲಿನ ಕೈತೋಟಕ್ಕೆ ನೀರು ಹಾಕುವುದಕ್ಕೆ ಇವು ಅನುಕೂಲವಾದುವು. ಬೆಲೆ ಕಡಿಮೆ, ತೊಳೆದರೆ ಬೇಗ ಒಣಗುವುವು, ದೇವಸ್ಥಾನದ ಬಾಗಿಲಲ್ಲಿಯೂ ಮನೆಯ ಬಾಗಿಲಲ್ಲಿಯೂ ಬಗ್ಗದೆ ಬಿಡಬಹುದು. ಗಾಳಿಯಾಡುವುದರಿಂದ ಸೆಕೆಯ ದಿನಗಳಲ್ಲಿ ಬೆರಳ ಸಂದುಗಳು ಬೆವರಿ ಕೊಳೆಯುವುದೂ ಇಲ್ಲ.

ಪಟ್ಟಣದಲ್ಲಿ ನೆಲಸಿ ಊರಿನ ಹೊಲವನ್ನೂ ನೋಡಿಕೊಳ್ಳುವವರು ಇದೇ ಚಪ್ಪಲಿಯಲ್ಲಿ ಬಸ್ಸು ಹತ್ತಿ, ಇದೇ ಚಪ್ಪಲಿಯಲ್ಲಿ ಬದುವಿನ ಮೇಲೆ ನಡೆಯುವುದುಂಟು. ಹಳ್ಳಿಯಲ್ಲಿಯೇ ಇರುವ ಕೂಲಿಗಾರರಲ್ಲಿ ಅನೇಕರಿಗೆ ಇದಲ್ಲದೆ ಬೇರೆ ಪಾದರಕ್ಷೆಯೇ ಇರುವುದಿಲ್ಲ. ಅಪಾಯವು ಇಲ್ಲಿಂದ ಆರಂಭವಾಗುವುದು. ಈ ಚಪ್ಪಲಿಯ ಅಟ್ಟೆಯು ಮೆದು. ಜಾಲಿಯ ಮುಳ್ಳು ಅದನ್ನು ಸುಲಭವಾಗಿ ತೂರಿ ಬರುವುದು. ಹಿಮ್ಮಡಿಗೆ ಹಿಡಿತವಿಲ್ಲದ ಕಾರಣ ಒದ್ದೆ ಬದುವಿನ ಮೇಲೆ ಕಾಲು ಜಾರುವುದು. ಕೆಸರಿನಲ್ಲಿ ಅಟ್ಟೆಯು ಹೂತು, ಉಂಗುಟದ ಬಳಿಯ ಬಾರು ಕಿತ್ತು ಬರುವುದು. ಅಟ್ಟೆಯ ಕೆಳಗಿನ ಗೆರೆಗಳು ಸವೆದು ನುಣುಪಾದ ಮೇಲೆ ಅದನ್ನು ಬಚ್ಚಲ ನೆಲದ ಮೇಲೂ ಮೆಟ್ಟಿಲ ಮೇಲೂ ಮೆಟ್ಟಲಾಗದು. ಮುದುಕರಿಗೆ ಇದು ಮೂಳೆ ಮುರಿಯುವ ದಾರಿ.

ಕೊಕ್ಕೆಹುಳುವಿನ ಬಾಧೆ

ಬರಿಗಾಲಿನಿಂದ ಒದಗುವ ಕೇಡುಗಳಲ್ಲಿ ಕಣ್ಣಿಗೆ ಕಾಣದೆ ನಡೆಯುವುದು ಕೊಕ್ಕೆಹುಳುವಿನ ರೋಗ. ರೋಗಿಯ ಮಲದಲ್ಲಿ ಹೊರಬಿದ್ದ ತತ್ತಿಗಳು ನೆರಳೂ ತೇವವೂ ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆಯುವುವು. ಅವುಗಳಿಂದ ಹೊರಟ ಮರಿಗಳು ಐದರಿಂದ ಹತ್ತು ದಿನಗಳಲ್ಲಿ ಮನುಷ್ಯನ ಚರ್ಮವನ್ನು ಕೊರೆಯುವ ಶಕ್ತಿಯನ್ನು ಪಡೆದು, ಅನುಕೂಲವಾದ ಮಣ್ಣಿನಲ್ಲಿ ಮೂರು ನಾಲ್ಕು ವಾರಗಳವರೆಗೆ ಬದುಕಿರುವುವು. ಬರಿಯ ಪಾದವು ಸೋಂಕಿದೊಡನೆ ಮರಿಗಳು ಒಳಹೊಕ್ಕು ರಕ್ತದ ಮೂಲಕ ಪುಪ್ಪುಸವನ್ನು ಸೇರಿ, ಅಲ್ಲಿಂದ ಗಂಟಲಿಗೇರಿ, ನುಂಗಲ್ಪಟ್ಟು ಸಣ್ಣಕರುಳಿನಲ್ಲಿ ನೆಲಸುವುವು. ಅಲ್ಲಿ ಅವು ದಿನವೂ ರಕ್ತವನ್ನು ಹೀರುತ್ತವೆ. ಮಕ್ಕಳು ಬಿಳಿಚಿಕೊಳ್ಳುವುದೂ, ಗರ್ಭಿಣಿಯರು ಬಳಲುವುದೂ, ಗಟ್ಟಿಯಾಗಿದ್ದ ಆಳು ಮಧ್ಯಾಹ್ನಕ್ಕೇ ಸೋತು ಕೂರುವುದೂ ಎಷ್ಟೋ ವೇಳೆ ಇದರಿಂದಲೇ. ಅಂಥವನನ್ನು ಸೋಮಾರಿಯೆಂದು ಹಳಿಯುವುದು ಅನ್ಯಾಯ.

ಈ ಹುಳು ಚರ್ಮದ ಮೂಲಕ ಹೋಗುವುದೆಂಬುದು ತಿಳಿದದ್ದು ಆಕಸ್ಮಿಕವಾಗಿ. ಈಜಿಪ್ಟಿನ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಮರಿಗಳಿದ್ದ ನೀರು ಬಿದ್ದು, ಆ ಜಾಗವು ಕೆಂಪಾಗಿ ಉರಿಯಿತು; ಕೆಲವು ವಾರಗಳ ಮೇಲೆ ಆತನ ಮಲದಲ್ಲಿ ತತ್ತಿಗಳು ಕಂಡುವು. ಈ ಸಂಗತಿಯನ್ನು ಆತನು ೧೮೯೮ರಲ್ಲಿ ಪ್ರಕಟಿಸಿದನು. ಬಯಲು ಶೌಚವನ್ನು ಬಿಡುವುದು, ಮಣ್ಣಿನಲ್ಲಿ ಮೆಟ್ಟಿ ನಡೆಯುವುದು, ಕಾಲಕಾಲಕ್ಕೆ ಜಂತುಹುಳುವಿನ ಮಾತ್ರೆ ತೆಗೆದುಕೊಳ್ಳುವುದು, ಈ ಮೂರೂ ಸೇರಿದರೆ ರೋಗವು ಅಳಿಯುವುದು. ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿ ಹಾಗೂ ಶಾಲೆಗಳ ಮೂಲಕ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಾರೆ. ಆದರೆ ಮಾತ್ರೆಯು ಕರುಳಿನ ಹುಳುವನ್ನು ಕೊಲ್ಲುವುದೇ ಹೊರತು ಮಣ್ಣಿನ ಹುಳುವನ್ನಲ್ಲ. ನಾಳೆ ಮತ್ತೆ ಬರಿಗಾಲಲ್ಲಿ ನಡೆದರೆ ಮತ್ತೆ ರೋಗವೇ.

ಗದ್ದೆಯ ನಾಟಿಯಲ್ಲಿ ಯಾವ ಮೆಟ್ಟೂ ನಿಲ್ಲದೆಂಬುದು ನಿಜ. ಅಂಥ ಕೆಲಸದವರು ಗದ್ದೆಯಿಂದ ಮೇಲೆದ್ದೊಡನೆ ಶುದ್ಧವಾದ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರಸಿ, ಮೆಟ್ಟಿಕೊಂಡು ಮನೆಗೆ ಹೋಗತಕ್ಕದ್ದು. ಪಾದದಲ್ಲಿ ಗಾಯವಿರುವವನು ಆ ದಿನ ಕೆಸರಿಗಿಳಿಯದಿರುವುದು ಲೇಸು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರವು ಗಾಯದ ಮೂಲಕ ಒಳಸೇರುವುದು.

ಹಾವೂ ಮುಳ್ಳೂ

ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ ಮತ್ತು ಮೊಣಕಾಲಿನ ಕೆಳಗೆ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನರು ಹಾವಿನ ಕಡಿತದಿಂದ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ ೫೮ ಸಾವಿರ. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಸಾರಿತು.

ರಾತ್ರಿ ಪಂಪಿನ ಮನೆಗೆ ನೀರು ಕಟ್ಟಲು ಹೋಗುವವನು ಹವಾಯಿ ಚಪ್ಪಲಿಯನ್ನು ನೆಚ್ಚಬಾರದು. ಮೊಣಕಾಲಿನ ಹತ್ತಿರದವರೆಗೆ ಬರುವ ಗಂಬೂಟು, ಕೈಯಲ್ಲಿ ಟಾರ್ಚು, ನೆಲಕ್ಕೆ ಕುಟ್ಟುತ್ತ ನಡೆಯಲು ಒಂದು ಕೋಲು, ಇವು ಮೂರೂ ಇರಬೇಕು. ಹೊರಗೆ ಬಿಟ್ಟಿದ್ದ ಬೂಟನ್ನು ಮೆಟ್ಟುವ ಮೊದಲು ತಲೆಕೆಳಗು ಮಾಡಿ ಕೊಡಹಬೇಕು. ಚೇಳು ಒಳಗೆ ಮಲಗಿರಬಹುದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು. ಮೆಟ್ಟು, ಕಾಲುಂಗುರಗಳನ್ನು ತೆಗೆದು, ಕಾಲನ್ನು ಅಲುಗಿಸದಂತಿಟ್ಟು, ೧೦೮ಕ್ಕೆ ಕರೆಮಾಡಿ ವಿಷನಿವಾರಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೊಂಡೊಯ್ಯಬೇಕು.

ಮುಳ್ಳು ಅಥವಾ ಮೊಳೆ ಚುಚ್ಚಿದ ಗಾಯಕ್ಕೆ ಸಗಣಿ, ಮಣ್ಣು, ಕಾಫಿಪುಡಿಗಳನ್ನು ಮೆತ್ತುವುದು ಧನುರ್ವಾಯುವನ್ನು ಕರೆದಂತೆ. ಸೋಪು ನೀರಿನಲ್ಲಿ ತೊಳೆದು ಚುಚ್ಚುಮದ್ದು ಹಾಕಿಸಿಕೊಳ್ಳುವುದೇ ಸರಿಯಾದ ಮಾರ್ಗ. ಸಕ್ಕರೆಕಾಯಿಲೆಯುಳ್ಳವರಿಗೆ ಪಾದದಲ್ಲಿ ಸ್ಪರ್ಶಜ್ಞಾನವು ಕುಗ್ಗಿರುವುದರಿಂದ ಮುಳ್ಳು ಮುರಿದು ಒಳಗುಳಿದದ್ದೂ ತಿಳಿಯದು. ಅವರು ಮನೆಯೊಳಗೂ ಮೆದುವಾದ ಪಾದರಕ್ಷೆಯನ್ನು ಮೆಟ್ಟಿ, ದಿನವೂ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಬೇಕು.

ಔಷಧ ಸಿಂಪಡಿಸುವಾಗ

ಬೆನ್ನಮೇಲೆ ಪಂಪು ಹೊತ್ತು ಕೀಟನಾಶಕವನ್ನು ಸಿಂಪಡಿಸುವವನು ತಾನೇ ತೋಯಿಸಿದ ಸಾಲುಗಳ ನಡುವೆ ನಡೆಯುವನು. ಎಲೆಯ ವಿಷವು ಅವನ ಕಾಲಿಗೆ ಹತ್ತುವುದು. ಈ ಕೆಲಸಕ್ಕೆ ಚಪ್ಪಲಿಯೂ ಸಲ್ಲದು, ಬಟ್ಟೆಯ ಅಥವಾ ಚರ್ಮದ ಬೂಟೂ ಸಲ್ಲದು; ಚರ್ಮವು ವಿಷವನ್ನು ಹೀರಿಕೊಂಡರೆ ತೊಳೆದರೂ ಹೋಗದು. ರಬ್ಬರಿನ ಬೂಟನ್ನು ಹಾಕಿ, ಪೈಜಾಮದ ಅಂಚನ್ನು ಬೂಟಿನ ಹೊರಗೆ ಇಳಿಬಿಡತಕ್ಕದ್ದು. ಒಳಗೆ ಸೇರಿಸಿದರೆ ಸುರಿದ ಔಷಧವು ಬೂಟಿನೊಳಕ್ಕೆ ಇಳಿಯುವುದು. ಕೆಲಸ ಮುಗಿದ ಮೇಲೆ ಬೂಟನ್ನು ಕೆರೆ ಬಾವಿಗಳಿಂದ ದೂರದಲ್ಲಿ ಸೋಪಿನಿಂದ ತೊಳೆದು, ಮಕ್ಕಳ ಕೈಗೆಟುಕದಂತೆ ಬೇರೆಯಾಗಿ ಇಡಬೇಕು.

ಮೆಟ್ಟಿನಿಂದ ಬೆಳೆಗೆ ಕೇಡು

ಪಾದರಕ್ಷೆಯು ಮನುಷ್ಯನನ್ನು ಕಾಯುವಂತೆಯೇ ರೋಗವನ್ನು ಹೊರುವುದೂ ಉಂಟು. ಟೊಮೆಟೊ, ಬದನೆಗಳ ದುಂಡಾಣು ಸೊರಗುರೋಗವೂ, ಬೇರಿನಲ್ಲಿ ಗಂಟು ಮಾಡುವ ಜಂತುಗಳೂ ಅಟ್ಟೆಗಂಟಿದ ಮಣ್ಣಿನೊಡನೆ ಒಂದು ಹೊಲದಿಂದ ಇನ್ನೊಂದಕ್ಕೆ ಪಯಣಿಸುವುವು. ರೋಗ ಬಿದ್ದ ಮಡಿಯಿಂದ ನೇರವಾಗಿ ಸಸಿಮಡಿಗೆ ಹೋಗುವುದು ತಪ್ಪು. ಪಟ್ಟಣದ ಮಹಡಿತೋಟಕ್ಕೂ ಈ ನಿಯಮವೇ ಅನ್ವಯಿಸುವುದು.

ರೇಷ್ಮೆ ಬೆಳೆಗಾರರಿಗೆ ಈ ಮಾತು ಹೊಸದಲ್ಲ. ಹುಳು ಸಾಕುವ ಮನೆಗೆ ಹೊರಗಿನ ಚಪ್ಪಲಿಯಲ್ಲಿ ಯಾರನ್ನೂ ಬಿಡಲಾಗದು. ಹತ್ತು ಲೀಟರು ನೀರಿಗೆ ೨೦೦ ಗ್ರಾಂ ಬ್ಲೀಚಿಂಗ್ ಪುಡಿಯನ್ನೂ ೩೦ ಗ್ರಾಂ ಅರಳಿದ ಸುಣ್ಣವನ್ನೂ ಬೆರಸಿ, ಆ ದ್ರಾವಣದಲ್ಲಿ ನೆನೆಸಿದ ಗೋಣಿತಾಟನ್ನು ಬಾಗಿಲಲ್ಲಿ ಹಾಸಿ, ಅದನ್ನು ತುಳಿದೇ ಒಳಗೆ ಹೋಗುವಂತೆ ಮಾಡಬೇಕು. ದ್ರಾವಣವನ್ನು ಆಗಾಗ್ಗೆ ಹೊಸದಾಗಿ ತಯಾರಿಸಬೇಕು. ಹಳೆಯದಾದರೆ ಅದರ ಶಕ್ತಿ ಕುಂದುವುದು.

ಚರ್ಮದ ಮೆಟ್ಟು

ಒಣಭೂಮಿಯ ಹಗಲು ಕೆಲಸಕ್ಕೆ ಗಟ್ಟಿಯಾದ ಚರ್ಮದ ಮೆಟ್ಟು ಇಂದಿಗೂ ಉತ್ತಮ. ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿಗಳು ಕೊಲ್ಲಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ೨೦೧೯ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಇವುಗಳ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸುತ್ತಾರೆ. ಹೊಲದ ಬದುವಿನ ಮರವೂ ಕೊಟ್ಟಿಗೆಯ ಚರ್ಮವೂ ಕೂಡಿ ರೈತನ ಪಾದಕ್ಕೆ ಮರಳುವ ಉದ್ಯೋಗವಿದು. ಆದರೆ ಚರ್ಮಕ್ಕೆ ನೀರು ಶತ್ರು. ನೆನೆದ ಮೆಟ್ಟನ್ನು ಬಿಸಿಲಿಗೂ ಒಲೆಗೂ ಹಿಡಿಯದೆ ನೆರಳಲ್ಲಿ ಒಣಗಿಸಿ, ಎಣ್ಣೆ ಸವರಿದರೆ ಬಹುಕಾಲ ಬಾಳುವುದು.

ಒಟ್ಟಿನಲ್ಲಿ ಮನೆ, ಅಂಗಡಿಗಳಿಗೆ ಹವಾಯಿ ಚಪ್ಪಲಿ. ಒಣಹೊಲಕ್ಕೆ ಗಟ್ಟಿ ಅಟ್ಟೆಯ ಮೆಟ್ಟು. ರಾತ್ರಿಗೂ ಸಿಂಪರಣೆಗೂ ರಬ್ಬರ್ ಬೂಟು. ಒಂದು ಮನೆಗೆ ಇವೆಲ್ಲವನ್ನೂ ಒಮ್ಮೆಗೇ ಕೊಳ್ಳುವುದು ಕಷ್ಟವಾದರೆ ಬೂಟನ್ನು ಮೊದಲು ಕೊಳ್ಳಬೇಕು. ಸರದಿಯ ಮೇಲೆ ಅದನ್ನು ಮನೆಯವರೆಲ್ಲ ಉಪಯೋಗಿಸಬಹುದು. ಕೂಲಿಗೆ ಜನರನ್ನು ಕರೆಯುವ ಹಿಡುವಳಿದಾರರು ಕುಡುಗೋಲು ಗುದ್ದಲಿಗಳನ್ನು ಒದಗಿಸುವಂತೆಯೇ ಒಂದೆರಡು ಜೊತೆ ಬೂಟುಗಳನ್ನೂ ಇಟ್ಟಿರುವುದು ಧರ್ಮವೂ ಹೌದು, ಲಾಭವೂ ಹೌದು.