ಗಣಕಯಂತ್ರದ ಜೋಡಿ ಮಿದುಳು

ಕಳೆದ ವರ್ಷ ನನ್ನ ವಿದ್ಯಾರ್ಥಿವೇತನಕ್ಕೆ, ತಂದೆಯವರು ಕಡಲೆಕಾಯಿ ಮಾರಿ ತಂದ ಹಣವನ್ನೂ ಕೂಡಿಸಿ, ಬಳಸಿದ ಗಣಕಯಂತ್ರವೊಂದನ್ನು ಕೊಂಡೆನು. ಅದರ ಮೇಲೆ ‘ಕೋರ್ 2 ಡ್ಯುಯೊ’ ಎಂಬ ಚೀಟಿ ಅಂಟಿಸಿದ್ದಿತು. “2.93ರ ಎರಡು ಕೋರುಗಳು, ಒಟ್ಟು 5.86 ಗಿಗಾಹರ್ಟ್ಸ್” ಎಂದು ಅಂಗಡಿಯವರು ಲೆಕ್ಕ ಹೇಳಿದರು. ನಾನೂ ಊರಿಗೆ ಹೋಗಿ ತಂದೆಯವರಿಗೆ ಅದನ್ನೇ ಒಪ್ಪಿಸಿದೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ನನ್ನ ಮಾತಿಗೆ ಎದುರಾಡುವವರಿಲ್ಲ. ಆ ಲೆಕ್ಕ ತಪ್ಪೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಬಲ್ಲವರು ನಗಬಹುದು, ನನ್ನಂತೆಯೇ ನಂಬಿದವರಿಗಾಗಿ ಈ ನಾಲ್ಕು ಮಾತು.

ಆಜ್ಞೆಗಳನ್ನು ತೆಗೆದುಕೊಂಡು, ಅರ್ಥ ಬಿಡಿಸಿ, ಕೂಡುವ ಕಳೆಯುವ ಹೋಲಿಸುವ ಕೆಲಸವನ್ನು ನಡೆಸುವ ಭಾಗವೇ ಕೋರ್. ಗಿಗಾಹರ್ಟ್ಸ್ ಎಂಬುದು ಅದರ ತಾಳ. 2.93 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 293 ಕೋಟಿ ಪೆಟ್ಟು. ಗಂಟೆಗೆ ಐದು ಕಿಲೋಮೀಟರ್ ನಡೆಯುವ ಇಬ್ಬರು ಜೊತೆಗೂಡಿದರೆ ಗಂಟೆಗೆ ಹತ್ತು ಕಿಲೋಮೀಟರ್ ನಡೆದಾರೆಯೇ? ಹೊರೆಯನ್ನು ಹಂಚಿಕೊಂಡಾರು, ಅಷ್ಟೆ.

ಹಾಗಾದರೆ ಒಂದೇ ಕೋರಿನ ತಾಳವನ್ನು ಏರಿಸುತ್ತ ಹೋಗಬಾರದಿತ್ತೇ? ಹಾಗೆಯೇ ಹೋಗಿದ್ದರು. 2004ರಲ್ಲಿ ಪೆಂಟಿಯಂ 4 ಪ್ರೊಸೆಸರು 3.8 ಗಿಗಾಹರ್ಟ್ಸ್ ಮುಟ್ಟಿತು. 4ರದನ್ನು ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಅಡ್ಡ ಬಂದುದು ಬಿಸಿ. ತಾಳ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಚಿಪ್ಪು ನುಂಗುವ ವಿದ್ಯುತ್ತಾದರೋ ತಾಳದಷ್ಟು ಮಾತ್ರವಲ್ಲ, ವೋಲ್ಟೇಜಿನ ವರ್ಗದಷ್ಟು ಏರುತ್ತದೆ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಸೊಗಸಾಗಿದೆ. ಎರಡನ್ನೂ ನೂರಕ್ಕೆ ಇಪ್ಪತ್ತರಷ್ಟು ಇಳಿಸಿದರೆ ಕೋರಿನ ವಿದ್ಯುತ್ತು 0.8 ಗುಣಿಸು 0.8 ಗುಣಿಸು 0.8, ಅಂದರೆ ಸುಮಾರು ಅರ್ಧಕ್ಕಿಳಿಯುತ್ತದೆ. ಹಳೆಯ ಒಂದರ ಖರ್ಚಿನಲ್ಲಿ ಹೀಗೆ ಎರಡನ್ನು ಸಾಕಬಹುದು! ಐಬಿಎಂನವರು 2001ರಲ್ಲಿಯೇ ಪವರ್4 ಎಂಬ ಜೋಡಿ ಕೋರನ್ನು ದೊಡ್ಡ ಯಂತ್ರಗಳಿಗೆ ಅಳವಡಿಸಿದ್ದರು. 2005ರಲ್ಲಿ ಇಂಟೆಲಿನ ಪೆಂಟಿಯಂ ಡಿ, ಎಎಂಡಿಯ ಅಥ್ಲಾನ್ 64 ಎಕ್ಸ್2 ಮನೆಯ ಗಣಕಯಂತ್ರಗಳಿಗೂ ಬಂದವು.

ಹಬ್ಬದ ತಂಬಿಟ್ಟಿಗೆ ನಮ್ಮವ್ವನೂ ದೊಡ್ಡವ್ವನೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಕುಟ್ಟುವುದನ್ನು ನೋಡಿದ್ದೇನೆ. ಕೈ ಎರಡು, ಒರಳು ಒಂದು. ತಾಳ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಎರಡು ಕೋರುಗಳಿಗೂ ಮುಖ್ಯ ಸ್ಮೃತಿ ಒಂದೇ ಆದುದರಿಂದ ಅಲ್ಲಿಯೂ ಒಂದಕ್ಕೊಂದು ಕಾಯಬೇಕಾಗುವುದುಂಟು. ಪೆಂಟಿಯಂ ಡಿಯ ಕೋರುಗಳು ಪರಸ್ಪರ ಮಾತನಾಡಲು ಚಿಪ್ಪಿನ ಹೊರಗಿನ ದಾರಿಯನ್ನೇ ಹಿಡಿಯಬೇಕಾಗಿತ್ತು. 2006ರ ಕೋರ್ 2 ಡ್ಯುಯೊದಲ್ಲಿ ಎರಡಕ್ಕೂ ಸೇರಿದ ಕ್ಯಾಶ್, ಎಂದರೆ ಕೈಗೆಟಕುವ ಸಣ್ಣ ಸ್ಮೃತಿ, ಒಳಗೇ ಇದೆ.

ಇನ್ನು ನನ್ನ ಅನುಭವ. ಅರ್ಥಶಾಸ್ತ್ರದ ಸಮೀಕ್ಷೆಯ ಅಂಕಿಗಳನ್ನು ಹತ್ತು ಸಾವಿರ ಬಾರಿ ಕಲಸಿ ಸರಾಸರಿ ತೆಗೆಯುವ ಪ್ರೋಗ್ರಾಮೊಂದನ್ನು ಓಡಿಸಿದೆನು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಬಳಕೆ ನೂರಕ್ಕೆ ಐವತ್ತರ ಆಸುಪಾಸಿನಲ್ಲೇ ನಿಂತಿದ್ದಿತು! ಯಂತ್ರ ಕೆಟ್ಟಿದೆಯೆಂದು ಅಂಗಡಿಯವರ ಮೇಲೆ ಸಿಟ್ಟಾದೆನು. ದೋಷ ಯಂತ್ರದ್ದಲ್ಲ. ಒಂದೇ ಸಾಲಿನಲ್ಲಿ ಬರೆದ ಪ್ರೋಗ್ರಾಮು ಒಂದು ಹೊತ್ತಿಗೆ ಒಂದು ಕೋರನ್ನು ಮಾತ್ರ ದುಡಿಸಬಲ್ಲುದು. ಹಂಚುವ ಕೆಲಸ ಬರೆಯುವವನದು. ಆಗ ಅದನ್ನು ಐದೈದು ಸಾವಿರದ ಎರಡು ಪ್ರೋಗ್ರಾಮುಗಳನ್ನಾಗಿಸಿ ಒಟ್ಟಿಗೆ ಓಡಿಸಿದೆನು. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಹನ್ನೊಂದೇಕೆ ಆಗಲಿಲ್ಲ? ಕೊನೆಗೆ ಎರಡು ಉತ್ತರಗಳನ್ನೂ ಕೂಡಿಸುವ ಕೆಲಸವನ್ನು ಹಂಚಲಾಗದು. ಒರಳಿನ ಕಾಯುವಿಕೆ ಬೇರೆ. ಈ ಮಿತಿಯನ್ನು ಜೀನ್ ಆಮ್ಡಾಲ್ 1967ರಲ್ಲಿಯೇ ತೋರಿಸಿಕೊಟ್ಟಿದ್ದರು. ನೂರು ನಿಮಿಷದ ಕೆಲಸದಲ್ಲಿ ಅರ್ಧವನ್ನು ಮಾತ್ರ ಹಂಚಬಹುದಾದರೆ ಎರಡು ಕೋರಿಗೆ ಎಪ್ಪತ್ತೈದು ನಿಮಿಷ ಬೇಕು. ಸಾವಿರ ಕೋರು ತಂದರೂ ಐವತ್ತಕ್ಕಿಂತ ಕೆಳಗಿಳಿಯದು.

ದೀಪಾವಳಿಗೆ ಊರಿಗೆ ಹೋದಾಗ ತಂದೆಯವರಲ್ಲಿ ತಪ್ಪೊಪ್ಪಿಕೊಂಡೆನು. “ಹಾಗಾದರೆ ಒಂದೆತ್ತನ್ನು ಸುಮ್ಮನೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದೆಯಾ?” ಎಂದರು. ಎರಡು ತಿಂಗಳು ಹಾಗೆಯೇ ಮಾಡಿದೆನೆಂದು ಹೇಳಿ, ಇಪ್ಪತ್ತೆರಡು ನಿಮಿಷ ಹನ್ನೆರಡಾದ ಲೆಕ್ಕವನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆನು.