ಹಳ್ಳಿಯ ನಲ್ಲಿ ನೀರು: ಗುಣಮಟ್ಟದ ಅಂಕಿಗಳು

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಐಎಸ್ 10500:2012. ಪರೀಕ್ಷೆಯಲ್ಲಿ ಎಡವಿಸುವ ಅಂಶಗಳಲ್ಲೊಂದು ಫ್ಲೋರೈಡ್: ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ. ಈ ಮಿತಿ ಮೀರಿದರೆ ಹಲ್ಲು, ಮೂಳೆಗಳಿಗೆ ಫ್ಲೋರೋಸಿಸ್. ಇದು ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ಹಳೆಯ ಗೋಳು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನೈಟ್ರೇಟ್‌ಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ, ವಿನಾಯಿತಿಯೇ ಇಲ್ಲ. ಇ-ಕೊಲೈ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, ಇದನ್ನು ಟ್ಯಾಂಕಿನ ಬಳಿಯಲ್ಲ, ಕೊನೆಯ ಮನೆಯ ನಲ್ಲಿಯಲ್ಲೇ ನೋಡಬೇಕು.

ಹಳ್ಳಿಮನೆಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ (2019) ಗುರಿ: ತಲಾ ದಿನಕ್ಕೆ 55 ಲೀಟರ್. ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ಪ್ರತಿ ಹಳ್ಳಿಯಲ್ಲಿ 5 ಮಹಿಳೆಯರಿಗೆ ತರಬೇತಿ. ಕಿಟ್ ಕೊಡುವುದು ಸುಳಿವು ಮಾತ್ರ. ಖಚಿತ ಫಲಿತಾಂಶಕ್ಕೆ ಪ್ರಯೋಗಾಲಯವೇ ಬೇಕು.