ಒಂದೇ ಒಲೆಯ ರೊಟ್ಟಿ ಉಣ್ಣುವವರು



ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಹುಡುಗಿಯರ ಹೆಸರುಗಳನ್ನು ಬರೆದುಕೊಳ್ಳುವಾಗ ನನ್ನ ಮೇಜಿನ ಎದುರಿಗೆ ಬಂದು ನಿಲ್ಲುವವರು ಯಾವಾಗಲೂ ತಂದೆತಾಯಿಗಳೇ ಆಗಿರುವದಿಲ್ಲ. ಅಜ್ಜಿ ಬರುವದುಂಟು, ಸೋದರಮಾವ ಬರುವದುಂಟು, ತಾಯಿಯೊಬ್ಬಳೇ ಬರುವದುಂಟು. ಒಮ್ಮೆ ಇಪ್ಪತ್ತು ವರ್ಷವೂ ತುಂಬದ ಅಕ್ಕನು ತಂಗಿಯ ಕೈ ಹಿಡಿದು ಬಂದಿದ್ದಳು. ಆದರೆ ಪಾಠದಲ್ಲಿ ನಾವು ಕಲಿಸುವ ಕುಟುಂಬಗಳು ಎರಡೇ: ಅವಿಭಕ್ತ ಮತ್ತು ವಿಭಕ್ತ. ನಾನೂ ಅನೇಕ ವರ್ಷ ಹಾಗೆಯೇ ಕಲಿಸಿದೆನು.

ಅವಿಭಕ್ತ ಕುಟುಂಬಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯ ಲೋಕೂರಿನಲ್ಲಿ ನೂರಕ್ಕೂ ಹೆಚ್ಚು ಜನರ ಒಂದು ಮನೆತನವು ಕೂಡಿ ಬಾಳಿದ್ದರಿಂದ ಪರದೇಶಗಳಲ್ಲಿಯೂ ಹೆಸರಾಯಿತು. ಇಂಥ ಮನೆತನದ ಆಸ್ತಿಯ ನಿಯಮವನ್ನು ವಿವರಿಸಿದ ಮಿತಾಕ್ಷರವೂ ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಅದನ್ನು ಬರೆದನು. ಆ ನಿಯಮದಂತೆ ಮಗನಿಗೆ ಹುಟ್ಟಿನಿಂದಲೇ ಪಾಲು, ಮಗಳಿಗಿಲ್ಲ. ಕರ್ನಾಟಕದಲ್ಲಿ 1994ರಿಂದ ಜಾರಿಗೆ ಬಂದ ಕಾನೂನು ಮಗಳಿಗೂ ಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರು ಆ 'ಬಿಟ್ಟು' ಎಂಬ ಮಾತಿನೊಳಗೆ ಸಿಕ್ಕವರು. 2005ರ ತಿದ್ದುಪಡಿಯು ಬರುವ ವರೆಗೆ ಅವರು ಕಾಯಬೇಕಾಯಿತು.

ಘಟ್ಟದ ಕೆಳಗಿನ ತುಳುನಾಡಿಗೆ ಹೋದರೆ ಲೆಕ್ಕವೇ ಬೇರೆ. ಅಳಿಯಸಂತಾನದ ಕಟ್ಟಿನಲ್ಲಿ ಮನೆತನವು ತಾಯಿಯಿಂದ ಮಗಳಿಗೆ ಸಾಗುವದು. ಮಕ್ಕಳ ಬಳಿಯು ತಾಯಿಯ ಬಳಿಯೇ. ಆಸ್ತಿಯ ಮಟ್ಟಿಗೆ ಈ ಕಟ್ಟು ಈಗ ಸಡಿಲವಾಗಿದೆ, ಬಳಿಯು ಉಳಿದಿದೆ.

ಆದರೆ ಮನೆಯವರು ಯಾರೆಂದು ತೀರ್ಮಾನಿಸುವ ಅಧಿಕಾರವು ಯಾರದು? ಈ ಪ್ರಶ್ನೆಗಾಗಿ ನಮ್ಮ ನೆರೆಯಲ್ಲಿಯೇ ರಕ್ತವು ಹರಿದಿದೆ. ಕಿತ್ತೂರಿನ ಮಲ್ಲಸರ್ಜನ ಹಿರಿಯ ಹೆಂಡತಿಯ ಮಗನಾದ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ 1824ನೆಯ ಇಸವಿಯಲ್ಲಿ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಆ ದತ್ತಕವನ್ನು ಒಪ್ಪಲಿಲ್ಲ. ಆ ವಾಡೆಯಲ್ಲಿ ಆಗ ಉಳಿದಿದ್ದವರನ್ನು ನೋಡಿರಿ: ತೀರಿಹೋದವನ ಮಲತಾಯಿ ಚೆನ್ನಮ್ಮ, ಅವನ ವಿಧವೆ, ದತ್ತಕ ಬಂದ ಹುಡುಗ. ಇದು ಕುಟುಂಬವಲ್ಲವೆಂದು ಕಂಪನಿ ಸರಕಾರ ಹೇಳಿದರೆ, ಕುಟುಂಬವೇ ಎಂದು ಚೆನ್ನಮ್ಮನು ಹೇಳಿದಳು. ಅಕ್ಟೋಬರ 23ರಂದು ಥ್ಯಾಕರೆಯು ಕಿತ್ತೂರಿನಲ್ಲಿ ಮಡಿದನು. ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಇತಿಹಾಸದ ತಾಸಿನಲ್ಲಿ ಶೌರ್ಯವನ್ನು ಹೇಳಿ ಮುಗಿಸುತ್ತೇವೆ. ಜಗಳವು ಒಂದು ಮಗುವಿನ ಸ್ಥಾನದ ಮೇಲೆ ಎದ್ದಿತೆಂಬದನ್ನು ಮರೆಯುತ್ತೇವೆ.

ಜನಗಣತಿಯವರ ಅಳತೆಯು ನನಗೆ ಹೆಚ್ಚು ಹಿಡಿಸಿದೆ. ಸಾಮಾನ್ಯವಾಗಿ ಕೂಡಿ ವಾಸಿಸಿ ಒಂದೇ ಅಡಿಗೆಮನೆಯಲ್ಲಿ ಉಣ್ಣುವವರು ಅವರಿಗೆ ಒಂದು ಮನೆಯವರು. ರಕ್ತಸಂಬಂಧವು ಇದ್ದೇ ತೀರಬೇಕೆಂಬ ನಿಯಮವಿಲ್ಲ. ಹುಬ್ಬಳ್ಳಿಯ ರೇಲ್ವೆ ವಸತಿಯ ಮೂವರೂ, ಮಗನು ಅಮೇರಿಕೆಯಲ್ಲಿರಲು ಧಾರವಾಡದಲ್ಲಿ ಇಬ್ಬರೇ ಉಳಿದ ಮುದುಕರೂ ಆ ಲೆಕ್ಕದೊಳಗೆ ಬರುವರು.

ನಾನು ಇದನ್ನು ತಡವಾಗಿ ಕಲಿತೆನು. ಕೆಲಸಕ್ಕೆ ಸೇರಿದ ಮೊದಲಿನ ವರ್ಷಗಳಲ್ಲಿ 'ನನ್ನ ತಂದೆ' ಎಂಬ ಪ್ರಬಂಧವನ್ನು ಬರೆಯಹೇಳಿದೆನು. ತಾಯಿಯೂ ದೊಡ್ಡಮ್ಮನೂ ಸಾಕುತ್ತಿದ್ದ ಹುಡುಗಿಯೊಬ್ಬಳು ಹೆಸರನ್ನು ಮಾತ್ರ ಬರೆದು ಬರಿಯ ಹಾಳೆಯನ್ನು ಕೊಟ್ಟಳು. ನಾನು ಕೆಂಪು ಮಸಿಯಿಂದ 'ಅಪೂರ್ಣ' ಎಂದು ಬರೆದು ತಿರುಗಿ ಕೊಟ್ಟೆನು. ಅವಳು ಅಳಲಿಲ್ಲ; ಹಾಳೆಯನ್ನು ನಾಲ್ಕಾಗಿ ಮಡಿಚಿ ಚೀಲದಲ್ಲಿಟ್ಟುಕೊಂಡಳು. ತಂದೆಯು ಬದುಕಿರುವಾಗಲೂ ತಾಯಿಯು ಮಗುವಿನ ಪಾಲಕಳಾಗಬಹುದೆಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಮಡಿಚಿದ ಹಾಳೆ.

ಈಗ ಆ ಪ್ರಬಂಧದ ಶಿರೋನಾಮೆಯನ್ನು 'ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು' ಎಂದು ಬದಲಿಸಿದ್ದೇವೆ. ಹೋದ ವರ್ಷ ಒಬ್ಬಳು ತನ್ನ ಅಜ್ಜನ ವಿಷಯವಾಗಿ ಮೂರು ಪುಟಗಳನ್ನು ಬರೆದು, ಅವನ ರೊಟ್ಟಿಯು ದುಂಡಗಾಗುವದಿಲ್ಲವೆಂದು ದೂರಿದ್ದಳು.